ಏರಿಗೆ ಒಂದು ರ‍್ಯಾಂಪು

ಮುನಿಶಾಮಮ್ಮನನ್ನು ಕಂಡರೆ ಈಗ ಊರಿಗೆಲ್ಲ ನಗು. "ಏನಕ್ಕಾ, ರ‍್ಯಾಂಪು ಚೆನ್ನಾಗೈತಾ?" ಅಂತ ಕೇಳಿ ಹಲ್ಲು ಕಿರಿಯುತ್ತಾರೆ. ಅವರ ಬಾಯಲ್ಲಿ ಹುಳ ಬೀಳ! ನನ್ನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಯಾರಾದರೂ ಆ ಮಾತು ತೆಗೆದರೆ ಕೈಯಲ್ಲಿರುವ ಗ್ಲಾಸು ಕಿತ್ತುಕೊಂಡು ಎಬ್ಬಿಸಿ ಕಳಿಸುತ್ತೇನೆ. ಶಶಿಕಲಾಗೆ ಬಾಯಿ ಜೋರು ಅಂತ ಹೆಸರು ಬಂದರೆ ಬರಲಿ. ನಡೆದದ್ದನ್ನು ಮೊದಲಿಂದ ಕಡೆತನಕ ನೋಡಿದವಳು ನಾನು. ಹೇಳುತ್ತೇನೆ. ಕೇಳಿದ ಮೇಲೂ ನಗು ಬಂದರೆ ನಗಿ.

ತಮಿಳುನಾಡಿನೊಳಗಿದ್ದರೂ ಮನೆಮಾತು ಕನ್ನಡವಾದ ಊರು ನಮ್ಮದು. ಪಾಪಿರೆಡ್ಡಿಪಟ್ಟಿಯಿಂದ ಬರುವ ಟೌನ್ ಬಸ್ಸು ನಮ್ಮ ಕೆರೆಯ ಪಕ್ಕ ನಿಲ್ಲುತ್ತದೆ. ಆ ಸ್ಟಾಪಿನಲ್ಲಿರುವುದು ನನ್ನ ಅಂಗಡಿ ಒಂದೇ. ಅಂಗಡಿಯ ಬಲಕ್ಕೆ ಕೆರೆಯ ಏರಿ ಶುರುವಾಗುತ್ತದೆ, ಎರಡಾಳು ಎತ್ತರದ ಮಣ್ಣಿನ ಕಟ್ಟೆ. ಅದನ್ನು ಹತ್ತಿ, ಉದ್ದಕ್ಕೂ ನಡೆದು, ಆ ತುದಿಯಲ್ಲಿ ಇಳಿದರೆ ಹದಿನೈದಿಪ್ಪತ್ತು ಮನೆಗಳ ಒಂದು ಕೊಟ್ಟಾಯಿ. ನಮ್ಮ ಕಡೆ ಸಣ್ಣ ಹಟ್ಟಿಗೆ ಹಾಗನ್ನುತ್ತಾರೆ. ಮುನಿಶಾಮಮ್ಮನ ಮನೆ ಅಲ್ಲಿ. ಅಲ್ಲಿಗೆ ಬೇರೆ ದಾರಿ ಇಲ್ಲ. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಬೇಲಿ ಹಾಕಿದ ಯಾರ‍್ಯಾರದೋ ಗದ್ದೆ. ಹೆಣ್ಣು ನೋಡಲು ಬರುವವರೂ ಏರಿ ಮೇಲೆಯೇ ಬರಬೇಕು, ಹೆಣ ಹೊರುವವರೂ ಏರಿ ಮೇಲೆಯೇ ಹೋಗಬೇಕು.

ಗಂಡ ಮೆಟ್ಟೂರಿಗೆ ಕೂಲಿಗೆ ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡಾಗ ಮುನಿಶಾಮಮ್ಮನ ಮಗಳು ಜೀವಿತಾ ಅಂಬೆಗಾಲಿಡುತ್ತಿದ್ದಳು. ಅಂಬೆಗಾಲಿನಿಂದ ಆ ಮಗು ಮೇಲೇಳಲೇ ಇಲ್ಲ. ಸೊಂಟದ ಕೆಳಗೆ ಬಲವಿಲ್ಲ. ಸೇಲಂನ ದೊಡ್ಡಾಸ್ಪತ್ರೆಯವರೆಗೂ ಹೊತ್ತು ತಿರುಗಿದಳು ತಾಯಿ. ಅಲ್ಲಿಯ ಡಾಕ್ಟರು "ಇವ್ವಳವುದಾಮ್ಮಾ", ಇಷ್ಟೇನಮ್ಮ, ಅಂದ ಮೇಲೆ ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಳು, ಹೊರುವುದನ್ನು ಬಿಡಲಿಲ್ಲ.

ಸ್ಕೂಲಿಗೆ ಹೊತ್ತಳು. ಬೆನ್ನ ಮೇಲೆ ಮಗಳು, ಮಗಳ ಬೆನ್ನ ಮೇಲೆ ಪುಸ್ತಕದ ಚೀಲ. ಬಸ್ ಸ್ಟಾಪಿನಲ್ಲಿ ನಿಂತ ಹುಡುಗರು "ಉಪ್ಪುಮೂಟೆ ಬಂತು, ಉಪ್ಪುಮೂಟೆ" ಅಂತ ಕೂಗುತ್ತಿದ್ದರು. ಮುನಿಶಾಮಮ್ಮ ನಿಂತು, ಏದುಸಿರಿನಲ್ಲೇ, "ಯಾಕ್ರಲಾ, ನಿಮ್ಮನೇಲಿ ಉಪ್ಪಿಲ್ದೇನೆ ಸಾರ್ ಮಾಡ್ತಾರಾ?" ಅಂದರೆ ಹುಡುಗರು ತೆಪ್ಪಗಾಗುತ್ತಿದ್ದರು. ಬೆನ್ನ ಮೇಲಿನ ಹುಡುಗಿ ಕಿಸಕ್ಕನೆ ನಗುತ್ತಿದ್ದಳು. ತಾಯಿಗೆ ತಕ್ಕ ಮಗಳು.

ಜೀವಿತಾ ಹನ್ನೆರಡನೇ ಕ್ಲಾಸು ಒಳ್ಳೆ ಮಾರ್ಕು ತೆಗೆದು ಪಾಸಾದಳು. ಸರ್ಕಾರಿ ಕಾಲೇಜಿನಲ್ಲಿ ಲೆಕ್ಕಕ್ಕೆ ಸೀಟು ಸಿಕ್ಕಿತು. ಕಾಲಿಲ್ಲದವರಿಗೆ ಸರ್ಕಾರ ಕೊಡುವ, ಹಿಂದೆ ಪಕ್ಕದ ಚಕ್ರಗಳಿರುವ ಸ್ಕೂಟರೂ ಬಂತು. ಆದರೆ ಅದು ಏರಿ ಹತ್ತುವುದಿಲ್ಲ. ಏರಿಯ ಮೇಲೆ ಬೇರು, ಗುಂಡಿ, ಒಬ್ಬರು ನಡೆಯುವಷ್ಟೇ ಅಗಲ. ಅದಕ್ಕೆ ಸ್ಕೂಟರು ನನ್ನ ಅಂಗಡಿಯ ಹಿಂದೆ ನಿಲ್ಲುತ್ತಿತ್ತು. ಬೆಳಗ್ಗೆ ತಾಯಿ ಏರಿಯುದ್ದಕ್ಕೂ ಹೊತ್ತು ತಂದು ಸೀಟಿನ ಮೇಲೆ ಕೂರಿಸುತ್ತಿದ್ದಳು, ಸಂಜೆ ಬಂದು ಹೊತ್ತುಕೊಂಡು ಹೋಗುತ್ತಿದ್ದಳು. ಆ ಸೀಟಿನ ಮೇಲೆ ಕೂತ ಕೂಡಲೇ ಹುಡುಗಿಯ ಬೆನ್ನು ನೆಟ್ಟಗಾಗುತ್ತಿತ್ತು. "ಚಿಕ್ಕಮ್ಮಾ, ದಾರಿ ಬುಡು. ಇವತ್ತು ಬಸ್ಸಿಗಿಂತ ಮುಂಚೆ ಓಗ್ತೀನಿ" ಅನ್ನುತ್ತಿದ್ದಳು. ಟೀಚರಾಗಬೇಕು ಅನ್ನುವುದು ಅವಳ ಆಸೆ. ಆಗಿಯೂ ಆಗುತ್ತಿದ್ದಳು, ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

ಎರಡನೇ ವರ್ಷದ ಮಳೆಗಾಲದಲ್ಲಿ ಏರಿಯ ಮೇಲೆ ಮುನಿಶಾಮಮ್ಮನ ಕಾಲು ಜಾರಿತು. ಮಗಳು ನೀರಿನ ಕಡೆ ಬೀಳಬಾರದು ಅಂತ ಬೀಳುವಾಗಲೇ ಮೈ ತಿರುಗಿಸಿದಳಂತೆ. ಮಗಳಿಗೆ ಒಂದು ತರಚು ಗಾಯವಿಲ್ಲ. ತಾಯಿಯ ಸೊಂಟದ ಮೂಳೆ ಮುರಿಯಿತು. ಎದ್ದು ಓಡಾಡುವ ಹೊತ್ತಿಗೆ ಕೈಗೆ ಕೋಲು ಬಂದಿತ್ತು. ಒಂದು ಕೊಡ ನೀರು ಎತ್ತಿದರೂ ಮತ್ತೆ ಮಲಗುತ್ತೀಯ ಅಂತ ಡಾಕ್ಟರು ಬೈದು ಕಳಿಸಿದರು. ಹೊಲದ ಕೂಲಿ ಹೋಯಿತು. ಕೂತು ಹುಣಸೆಹಣ್ಣು ಬಿಡಿಸುವ ಕೆಲಸ ಹಿಡಿದಳು.

ಆಮೇಲೆ ಹುಡುಗಿಯನ್ನು ಹೊರುವವರು ಯಾರು? ಸೋದರಮಾವ ಗಣೇಶನ್ ಸ್ವಲ್ಪ ದಿನ ಹೊತ್ತ. ಅವನ ಹೆಂಡತಿ ಮುಖ ಊದಿಸಿದಳು. ಅವನೂ ಸೇಲಂಗೆ ಕೆಲಸಕ್ಕೆ ಹೊರಟುಹೋದ. ಉಳಿದ ಗಂಡಸರು "ವಯಸ್ಸಿಗೆ ಬಂದ ಹೆಣ್ಮಗ, ನಾವೆಂಗೆ ಮುಟ್ಟಾದು" ಅಂತ ಒಳ್ಳೆಯವರ ಹಾಗೆ ಜಾರಿಕೊಂಡರು. ಜೀವಿತಾಳೇ ಒಂದು ದಿನ, "ಸಾಕಮ್ಮ, ನಾನು ಮೂಟೆಯಲ್ಲ" ಅಂದುಬಿಟ್ಟಳು. ಕಾಲೇಜಿನ ಪ್ರಿನ್ಸಿಪಾಲರು ಒಳ್ಳೆಯವರು. ಬರುವ ಜೂನ್‌ವರೆಗೆ ಹೆಸರು ಇಟ್ಟುಕೊಂಡಿರುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಅಂತ ಫೋನಿನಲ್ಲಿ ಹೇಳಿದರು. ಅಷ್ಟರಲ್ಲಿ ಮನೆಯಿಂದ ರಸ್ತೆಗೆ ಸ್ಕೂಟರು ಬರುವ ದಾರಿ ಆಗಬೇಕು. ಆದರೆ ಕಾಲೇಜು, ಇಲ್ಲದಿದ್ದರೆ ನಾಲ್ಕು ಗೋಡೆ.

ಜೀವಿತಾ ಅಳುತ್ತ ಕೂರುವ ಪೈಕಿಯಲ್ಲ. ಕೂತು ಪ್ಲಾನು ಹಾಕಿದಳು. ರಸ್ತೆಯಿಂದ ಏರಿಯ ತಲೆಗೆ ಒಂದು ಇಳಿಜಾರು, ಏರಿಯ ಮೇಲೆ ಸ್ಕೂಟರು ಹೋಗುವಷ್ಟು ಅಗಲದ ಸಿಮೆಂಟಿನ ದಾರಿ, ಆ ತುದಿಯಲ್ಲಿ ಕೊಟ್ಟಾಯಿಗೆ ಇಳಿಯಲು ಇನ್ನೊಂದು ಇಳಿಜಾರು, ಪಕ್ಕಕ್ಕೆ ಕಂಬಿ. ಎಲ್ಲವನ್ನೂ ಅಚ್ಚುಕಟ್ಟಾಗಿ ತಮಿಳಿನಲ್ಲಿ ಎರಡು ಪುಟ ಬರೆದು, ಕೆಳಗೆ ಚಿತ್ರ ಬಿಡಿಸಿದ್ದಳು. ನೀರಿಗೆ ನೀಲಿ, ಏರಿಗೆ ಕಂದು. ನನ್ನ ಅಂಗಡಿಯನ್ನೂ ಸಣ್ಣ ಚೌಕ ಹಾಕಿ ತೋರಿಸಿದ್ದಳು. "ಟೀ ಕುಡ್ಯೋರ್ನೂ ಬರೀಬೇಕಾಗಿತ್ತು ಕಣೇ" ಅಂದೆ. "ಅವ್ರ್ಗೆ ಬಣ್ಣ ಸಾಲ್ದಾಯ್ತು ಚಿಕ್ಕಮ್ಮಾ" ಅಂದಳು.

ಆ ಅರ್ಜಿ ಹಿಡಿದು ಮುನಿಶಾಮಮ್ಮ ಒಂದು ಸೋಮವಾರ ಧರ್ಮಪುರಿಯ ಕಲೆಕ್ಟರ್ ಆಫೀಸಿಗೆ ಹೋದಳು. ಸೋಮವಾರ ಅಲ್ಲಿ ಜನರ ದೂರು ತೆಗೆದುಕೊಳ್ಳುತ್ತಾರೆ. ಮಗಳನ್ನು ಕರೆದೊಯ್ಯುವ ಹಾಗಿಲ್ಲ, ಕೋಲೂರಿಕೊಂಡು ಒಬ್ಬಳೇ. ಜನವೋ ಜನ. ಅವಳ ಸರದಿ ಬಂದಾಗ ಕಂಪ್ಯೂಟರ್ ಮುಂದೆ ಕೂತವನು ಅರ್ಜಿ ತೆಗೆದುಕೊಂಡು, ಅದನ್ನು ನೋಡದೆ ಅವಳ ಮುಖ ನೋಡಿ, "ಎನ್ನ ವೇಲೆಮ್ಮಾ?" ಅಂದನಂತೆ. ಏನು ಕೆಲಸ ಆಗಬೇಕು ಅಂತ. "ಎಲ್ಲಾ ಅದ್ರಲ್ಲೈತೆ ಸಾರ್, ನನ್ ಮಗ್ಳು ಬರ್ದವ್ಳೆ" ಅಂದಿದ್ದಾಳೆ. ಎರಡು ಪುಟ ಇಲ್ಲಿ ಹಿಡಿಯಲ್ಲ, "ಒರೇ ಲೈನ್‌ಲ ಸೊಲ್ಲು", ಒಂದೇ ಲೈನಿನಲ್ಲಿ ಹೇಳು ಅಂತ ಅವನು ಗದರಿಸಿದ. ಹಿಂದೆ ನಿಂತವರು ನೂಕುತ್ತಿದ್ದರು. ಇವಳು ತನಗೆ ಬಂದ ತಮಿಳಿನಲ್ಲಿ, "ರೋಡ್‌ಲೆರುಂದು ಏರಿಕ್ಕು ರ‍್ಯಾಂಪು ವೇಣುಂ ಸಾರ್. ಪೊಣ್ಣುಕ್ಕು ನಡಕ್ಕ ಮುಡಿಯಾದು" ಅಂದಳು. ರಸ್ತೆಯಿಂದ ಏರಿಗೆ ರ‍್ಯಾಂಪು ಬೇಕು, ಮಗಳಿಗೆ ನಡೆಯಲಾಗುವುದಿಲ್ಲ. ಅವನು ಟೈಪು ಮಾಡಿದ. ಜೀವಿತಾ ಬರೆದ ಎರಡು ಪುಟವನ್ನು ಹಿಂದೆ ಇಟ್ಟು ಪಿನ್ನು ಹೊಡೆದ.

ಬಸ್ಸಿಳಿದು ನನ್ನ ಬೆಂಚಿನ ಮೇಲೆ ಕೂತಾಗ ಅವಳ ಮುಖ ನೋಡಬೇಕಿತ್ತು. "ಒಂದೇ ಮಾತ್ನಾಗೆ ಏಳ್ಬುಟ್ಟೆ ಶಶಿ! ಅವ್ನು ಟಪಟಪ ಅಂತ ಒಡ್ಕಂಡ" ಅಂದಳು. ಅಷ್ಟು ಖುಷಿಯಾಗಿ ಅವಳು ಟೀ ಕುಡಿದದ್ದನ್ನು ನಾನು ಆಮೇಲೆ ಕಂಡಿಲ್ಲ.

ಕೆಲಸ ಮಂಜೂರಾಯಿತು ಅಂತ ಜೀವಿತಾಳ ಫೋನಿಗೆ ಮೆಸೇಜು ಬಂತು. ನಂಬರು, ತಾರೀಖು, ನಿಮ್ಮ ಮನವಿ ಅಂಗೀಕಾರವಾಗಿದೆ, ಅಷ್ಟೇ. ತಾಯಿ ಮಗಳು ಕೊಟ್ಟಾಯಿಗೆಲ್ಲ ಸಕ್ಕರೆ ಹಂಚಿದರು. ಸ್ವಲ್ಪ ದಿನಕ್ಕೆ ಓವರ್‌ಸಿಯರ್ ಸೆಲ್ವಂ ಬೈಕಿನಲ್ಲಿ ಬಂದ. ಮುನಿಶಾಮಮ್ಮ ಹುಣಸೆಹಣ್ಣಿನ ಕೆಲಸಕ್ಕೆ ಹೋಗಿದ್ದಳು. ಆತ ರಸ್ತೆಯ ಮೇಲೆಯೇ ನಿಂತು ಫೋನಿನಲ್ಲಿ ನಾಲ್ಕು ಫೋಟೋ ಹೊಡೆದ. "ಹುಡುಗಿ ಮನೆ ಆ ತುದೀಲೈತೆ ಸಾರ್, ಓಗಿ ನೋಡ್ಕಂಡು ಬನ್ನಿ" ಅಂದೆ. ಏರಿಯ ಕೆಸರು ನೋಡಿದ, ತನ್ನ ಬೂಟು ನೋಡಿಕೊಂಡ. "ಇದುಲ ಎಪ್ಪಡಿ ನಡಕ್ಕಿರದು?" ಅಂದ. ಇದರಲ್ಲಿ ಹೇಗೆ ನಡೆಯೋದು ಅಂತೆ! ಅಯ್ಯೋ ಮಹಾರಾಯ, ಅದಕ್ಕೇ ಅಲ್ಲವಾ ಅರ್ಜಿ ಕೊಟ್ಟಿರುವುದು ಅಂತ ಬಾಯಿಗೆ ಬಂತು. ಹೇಳಿದೆ ಕೂಡ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು, ಮಾತಾಡುತ್ತ ಬೈಕು ಹತ್ತಿದ.

ಬೇಸಗೆ ಬಂತು, ಕೆರೆಯ ನೀರು ಹಿಂದೆ ಸರಿಯಿತು. ನನ್ನ ಅಂಗಡಿಯ ಪಕ್ಕ ಜಲ್ಲಿ, ಮರಳು, ಸಿಮೆಂಟು ಬಂದು ಬಿತ್ತು. ಕೆಲಸದವರು ಏರಿ ಶುರುವಾಗುವ ಕಡೆ, ನೀರಿನ ಮಗ್ಗುಲಲ್ಲಿ ಅಗೆದರು. ಮುನಿಶಾಮಮ್ಮ ದಿನಾ ಅವರಿಗೆ ಮಜ್ಜಿಗೆ ತಂದುಕೊಟ್ಟಳು. "ನೀರ್ ಕಡೆಯಿಂದ ಪಾಯ ಎತ್ತಕಂಡು ಬತ್ತಾವ್ರೆ ಶಶಿ. ಗಟ್ಟಿಯಾಗ್ಬೇಕಲ್ವಾ" ಅಂತ ನನಗೇ ತಿಳಿಸಿ ಹೇಳಿದಳು. ಮನೆಯಲ್ಲಿ ಜೀವಿತಾ ಅಟ್ಟದ ಮೇಲಿದ್ದ ಪುಸ್ತಕ ಇಳಿಸಿಕೊಂಡಳು. ಸ್ಕೂಟರಿಗೆ ಗಾಳಿ ಹೊಡೆಸಿಡು, ಬ್ಯಾಟರಿ ನೋಡಿಸು ಅಂತ ನನಗೆ ಫೋನಿನ ಮೇಲೆ ಫೋನು. ನೋಡಿಸಿದೆ. ಇವರಿಬ್ಬರ ಸಡಗರ ನೋಡಿ ನನಗೂ ಹಿಗ್ಗು.

ರ‍್ಯಾಂಪು ಎದ್ದಿತು. ಚೆಂದವಾಗಿಯೇ ಎದ್ದಿತು. ಎರಡೂ ಪಕ್ಕ ಸ್ಟೀಲಿನ ಕಂಬಿ, ಜಾರದ ಹಾಗೆ ಗೀರು ಹಾಕಿದ ಸಿಮೆಂಟು. ರಸ್ತೆಯಿಂದ ಹೊರಟು ಮೆಲ್ಲಗೆ ಇಳಿದು ನೆಟ್ಟಗೆ ಕೆರೆಯ ಒಳಕ್ಕೆ ಹೋಗಿತ್ತು. ಕೊಟ್ಟಾಯಿಯ ಕಡೆಗಲ್ಲ. ಕೆರೆಯ ಒಳಕ್ಕೆ.

ಕೆಲಸದವರು ಗುದ್ದಲಿ, ಬಾಂಡಲಿ ತೊಳೆದು ವ್ಯಾನಿಗೆ ತುಂಬುವಾಗ ಮುನಿಶಾಮಮ್ಮ ಮೇಸ್ತ್ರಿಯನ್ನು ಕೇಳಿದಳು, "ನಾಳೆಯಿಂದ ನಮ್ ಕಡೆ ಶುರು ಮಾಡ್ತೀರಾ?" ಅವನು "ಎಂದ ಪಕ್ಕಂ?" ಅಂದ. ಯಾವ ಕಡೆ? ಇವಳು ಕೋಲೆತ್ತಿ ಕೊಟ್ಟಾಯಿ ತೋರಿಸಿದಳು. ಅವನು ನಕ್ಕ. ಕೆಲಸ ಮುಗಿಯಿತಮ್ಮ ಅಂದ.

ನಾನು ಅಂಗಡಿ ಬಿಟ್ಟು ಓಡಿದೆ. ಬಿಲ್ಲಿಗೆ ಅಳತೆ ಮಾಡಲು ಸೆಲ್ವಂ ಬಂದಿದ್ದ. ಅವನನ್ನು ಅಡ್ಡಗಟ್ಟಿ ಕೂಗಾಡಿದೆ. ಅವನು ಫೈಲು ತೆಗೆದು ಕಾಂಟ್ರಾಕ್ಟಿನಲ್ಲಿ ಬರೆದಿದ್ದನ್ನು ಓದಿ ಹೇಳಿದ. ಕೆಲಸದ ಹೆಸರು: ರಸ್ತೆಯಿಂದ ಏರಿಗೆ ಅಂಗವಿಕಲರ ರ‍್ಯಾಂಪು. ಉದ್ದೇಶ: ಫಲಾನುಭವಿ ನೀರಿಗಿಳಿದು ಸ್ನಾನ ಮಾಡಲು, ಬಟ್ಟೆ ಒಗೆಯಲು. ಉದ್ದೇಶ ಅಂತ ಒಂದು ಕಾಲಂ ಇರುತ್ತದಂತೆ, ಖಾಲಿ ಬಿಡುವ ಹಾಗಿಲ್ಲವಂತೆ, ಆಫೀಸಿನಲ್ಲಿ ಯಾರೋ ಯೋಚನೆ ಮಾಡಿ ತುಂಬಿದ್ದರು. ಕಾಲೇಜಿಗೆ ಹೋಗಬೇಕಾದ ಹುಡುಗಿಗೆ ಬಟ್ಟೆ ಒಗೆಯುವ ಉದ್ದೇಶ ಕೊಟ್ಟಿದ್ದರು ಪುಣ್ಯಾತ್ಮರು.

ಆಗ ನನಗೆ ಹೊಳೆಯಿತು. ತಮಿಳಿನವರಿಗೆ ಏರಿ ಅಂದರೆ ಕೆರೆ. ನೀರಿಗೇ ಅವರು ಏರಿ ಅನ್ನುವುದು. ನಾವು ಏರಿ ಅನ್ನುವ ಕಟ್ಟೆಗೆ ಅವರು ಕರೈ ಅನ್ನುತ್ತಾರೆ. ನಮ್ಮ ಕೆರೆ ಅವರಿಗೆ ದಡದ ಹಾಗೆ ಕೇಳಿಸುತ್ತದೆ, ನಮ್ಮ ಏರಿ ಅವರಿಗೆ ನೀರು. ಇದು ನಮಗ್ಯಾರಿಗೂ ಗೊತ್ತಿಲ್ಲದ್ದಲ್ಲ. ಬೇರೆ ಊರಿನ ಕೆರೆಯ ಮಾತು ಬಂದರೆ ನಾವೂ ತಮಿಳಿನಲ್ಲಿ ಏರಿ ಅಂತಲೇ ಅನ್ನುತ್ತೇವೆ. ಆದರೆ ಮಗಳನ್ನು ಹೊತ್ತು ಸವೆಸಿದ, ಸೊಂಟ ಮುರಿದ ಆ ಮಣ್ಣಿಗೆ ಮುನಿಶಾಮಮ್ಮನ ನಾಲಿಗೆಯಲ್ಲಿ ಒಂದೇ ಹೆಸರು. ಹಿಂದಿನವರು ನೂಕುತ್ತಿರುವಾಗ ಅದೇ ಬಂತು.

"ನೀಂಗದಾನೆಮ್ಮಾ ಏರಿನ್ನು ಸೊನ್ನೀಂಗ?" ಅಂದ ಸೆಲ್ವಂ. ಏರಿ ಅಂದವರು ನೀವೇ ತಾನೆ?

"ಏರೀನ ಏರಿ ಅನ್ದೆ ಇನ್ನೇನಪ್ಪಾ ಅನ್ಬೇಕು?" ಅಂದಳು ಮುನಿಶಾಮಮ್ಮ. ದನಿ ಸಣ್ಣಗಾಗಿತ್ತು.

ಅವನು ಫೈಲಿನ ಹಾಳೆ ತಿರುಗಿಸಿದ. ಹಿಂದೆ ಪಿನ್ನು ಹೊಡೆದಿದ್ದ ಎರಡು ಪುಟ ಆಗ ಅವನ ಕಣ್ಣಿಗೆ ಬಿತ್ತು. ಜೀವಿತಾಳ ಚಿತ್ರ ನೋಡಿದ. ನೀಲಿ ನೀರು, ಕಂದು ಏರಿ, ನನ್ನ ಅಂಗಡಿಯ ಚೌಕ. "ಅಡಡಾ" ಅಂದ. ಚೆನ್ನಾಗಿ ಬಿಡಿಸಿದ್ದಾಳೆ ಅಂದ. ಅವನ ಕೆನ್ನೆಗೆ ಬಾರಿಸುವ ಹಾಗಾಯಿತು ನನಗೆ. ನಾವು ಡಿಸೈನಿನಲ್ಲಿ ಇದ್ದ ಹಾಗೇ ಕಟ್ಟಿದ್ದೇವೆ, ಒಂದಿಂಚು ಹೆಚ್ಚುಕಮ್ಮಿ ಇಲ್ಲ ಅಂತ ಅವನು ಫೈಲು ಮುಚ್ಚಿದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುವ ಗಾದೆಯನ್ನು ನಾನು ಸಾವಿರ ಸಲ ಹೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ.

ಗಾಯದ ಮೇಲೆ ಬರೆ ಎಳೆಯುವುದು ಇನ್ನೂ ಬಾಕಿ ಇತ್ತು. ರ‍್ಯಾಂಪಿಗೆ ದೊಡ್ಡ ಆಫೀಸರು ರಿಬ್ಬನ್ ಕತ್ತರಿಸಲು ಬರುತ್ತಾರೆ, ಫಲಾನುಭವಿ ಫೋಟೋದಲ್ಲಿ ಇರಲೇಬೇಕು ಅಂತ ಹೇಳಿಕಳಿಸಿದರು. ಮುನಿಶಾಮಮ್ಮ "ನಾನ್ ಸತ್ರೂ ಕಳ್ಸಾಕಿಲ್ಲ" ಅಂದಳು. ಆದರೆ ಸೆಲ್ವಂ ಜೀವಿತಾಳಿಗೆ ಫೋನು ಮಾಡಿ, ಸಾರ್ ಕೈಗೇ ಹೊಸ ಅರ್ಜಿ ಕೊಡು, ಬಾಯಲ್ಲಿ ಹೇಳು, ನಿನ್ನನ್ನು ನೋಡಿದರೆ ಖಂಡಿತ ಮಾಡುತ್ತಾರೆ ಅಂದ. ಪಾಪ ಅನ್ನಿಸಿಯೇ ಹೇಳಿದನೇನೋ. ಹುಡುಗಿ ರಾತ್ರಿಯೆಲ್ಲ ಕೂತು ಮತ್ತೆ ಬರೆದಳು, ಮತ್ತೆ ಚಿತ್ರ ಬಿಡಿಸಿದಳು. ಈ ಸಲ ಕರೈ ಅನ್ನುವ ಕಡೆಯೆಲ್ಲ ಕೆಳಗೆ ಗೀಟು ಎಳೆದಳು. ಅದು ಮೇ ತಿಂಗಳ ಕೊನೆ.

ಅವತ್ತು ಹೊರುವವರಿಗೆ ಬರವೇ ಇರಲಿಲ್ಲ ನೋಡಿ. ಕಾಂಟ್ರಾಕ್ಟರಿನ ಕಡೆಯ ನಾಲ್ಕು ಆಳು ಕೊಟ್ಟಾಯಿಗೆ ಹೋಗಿ, ಕುರ್ಚಿಯ ಮೇಲೆ ಕೂರಿಸಿ, ದೇವರನ್ನು ಹೊತ್ತ ಹಾಗೆ ಏರಿಯ ಮೇಲೆ ಹೊತ್ತು ತಂದರು. ಕಾಲೇಜಿಗೆ ಹಾಕುತ್ತಿದ್ದ ಹಸಿರು ಚೂಡಿದಾರ ಹಾಕಿಕೊಂಡು, ಕೂದಲು ಬಿಗಿಯಾಗಿ ಹೆಣೆದುಕೊಂಡು ಬಂದಿದ್ದಳು. ಸ್ಕೂಟರಿನ ಮೇಲೆ ಕೂರಿಸಿ ರ‍್ಯಾಂಪಿನ ತುದಿಗೆ, ನೀರಿನ ಅಂಚಿಗೆ ಇಳಿಸಿದರು. ನಗು, ನಗು ಅಂದರು. ನಕ್ಕಳು. ಫೋಟೋ ಆಯಿತು.

ಆಫೀಸರು ಹತ್ತಿರ ಬಂದಾಗ ಅವಳು ಮಾತಾಡಿದಳು. ಎಂಥ ತಮಿಳು! ತಡವರಿಸದೆ, ಬೇಡಿಕೊಳ್ಳದೆ, ಪಾಠ ಹೇಳುವ ಹಾಗೆ ಎಲ್ಲವನ್ನೂ ಹೇಳಿದಳು. ಅವರು ಪೂರ್ತಿ ಕೇಳಿದರು, ಸುಳ್ಳೇಕೆ ಹೇಳಲಿ. ಅರ್ಜಿ ತೆಗೆದುಕೊಂಡು ಪಕ್ಕದವನ ಕೈಗೆ ಕೊಟ್ಟರು. ಅವನು ಬಗ್ಗಿ ಅವರ ಕಿವಿಯಲ್ಲಿ ಹೇಳಿದ್ದು ನಮಗೂ ಕೇಳಿಸಿತು. ಇದೇ ಹೆಸರಿಗೆ, ಇದೇ ಜಾಗದಲ್ಲಿ, ಇದೇ ಸ್ಕೀಮಿನಲ್ಲಿ ರ‍್ಯಾಂಪು ಆಗಿಹೋಗಿದೆ ಸಾರ್, ಎರಡನೇ ಸಲ ಕೊಡಲು ರೂಲ್ಸ್ ಇಲ್ಲ. ಆಫೀಸರು ಹುಡುಗಿಯ ತಲೆ ಸವರಿ "ಪಾಕ್ಕಲಾಂಮಾ" ಅಂದರು. ನೋಡೋಣಮ್ಮ. ಜೀಪು ಹೊರಟಿತು. ಹೊತ್ತು ತಂದ ನಾಲ್ವರೂ ಅದರ ಹಿಂದೆಯೇ ವ್ಯಾನು ಹತ್ತಿ ಹೋದರು. ಕುರ್ಚಿಯನ್ನೂ ಒಯ್ದರು.

ಜೀವಿತಾ ನೀರಿಗೆ ಮುಖ ಮಾಡಿ ಸ್ಕೂಟರಿನ ಮೇಲೆ ಹಾಗೇ ಕೂತಿದ್ದಳು. ಮುನಿಶಾಮಮ್ಮ ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು, ಬಿಟ್ಟರೆ ಏನಾಗುತ್ತದೋ ಅನ್ನುವ ಹಾಗೆ. "ಯಾರ‍್ನಾದ್ರೂ ಕರೀತೀನಿ ತಾಳು ಮಗಾ" ಅಂದೆ.

"ಯಾರ‍್ನೂ ಕರೀಬ್ಯಾಡ ಚಿಕ್ಕಮ್ಮ" ಅಂದಳು. ಸ್ಕೂಟರನ್ನು ತಾನೇ ರಸ್ತೆಗೆ ತಂದು, ಏರಿಯ ಬುಡದಲ್ಲಿ ನಿಲ್ಲಿಸಿ, ಕೀಲಿ ನನ್ನ ಕೈಗೆ ಕೊಟ್ಟಳು. ಆಮೇಲೆ ಸೀಟಿನಿಂದ ನೆಲಕ್ಕೆ ಜಾರಿದಳು. ಅಂಗೈ ಊರಿ, ಕಾಲೆರಡನ್ನೂ ಹಿಂದೆ ಎಳೆದುಕೊಂಡು ಏರಿ ಹತ್ತಲು ಶುರು ಮಾಡಿದಳು.

ನಾನು ಅಂಗಡಿಗೆ ಬಾಗಿಲು ಕೂಡ ಹಾಕದೆ ಹಿಂದೆ ಹೋದೆ. ಅವಳ ದುಪ್ಪಟ್ಟಾ ಮಣ್ಣಿನಲ್ಲಿ ಎಳೆದಾಡದ ಹಾಗೆ ಎತ್ತಿ ಹಿಡಿದುಕೊಂಡೆ, ನನ್ನ ಕೈಲಾದದ್ದು ಅಷ್ಟೇ. ಎತ್ತಲು ಹೋದರೆ "ಬುಡು" ಅಂತ ಕೈ ಕೊಡವಿದಳು. ಮುನಿಶಾಮಮ್ಮ ಕೋಲೂರಿಕೊಂಡು ಹಿಂದೆ ಬರುತ್ತ, "ನನ್ ಬೆನ್ಗೆ ಬಾ ಕಂದಾ, ಏನೂ ಆಗಕಿಲ್ಲ, ಬಾ" ಅಂತ ಗೋಗರೆಯುತ್ತಿದ್ದಳು. ಹಸಿರು ಬಟ್ಟೆ ಮಂಡಿಯ ಹತ್ತಿರ ಹರಿಯಿತು. ಕೊಟ್ಟಾಯಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ತಾಯಿ ಬಿದ್ದಿದ್ದ ಜಾಗಕ್ಕೆ ಬಂದಾಗ ಹುಡುಗಿ ಉಸಿರು ತೆಗೆದುಕೊಳ್ಳಲು ತುಸು ತಡೆದಳು.

"ಅಮ್ಮಾ, ನೀನು ಒತ್ಕಂಡು ಬರುವಾಗ ಏರಿ ಇಷ್ಟ್ ಉದ್ದ ಇರ್ಲಿಲ್ಲ" ಅಂದಳು.

ಮುನಿಶಾಮಮ್ಮ ಅಲ್ಲೇ ಮಣ್ಣಿನ ಮೇಲೆ ಕೂತು ಎದೆ ಬಡಿದುಕೊಂಡು ಅತ್ತಳು. ನಾನೂ ಅತ್ತೆ. ಅಳದವಳು ಜೀವಿತಾ ಒಬ್ಬಳೇ. ನಮ್ಮ ಅಳು ಮುಗಿಯುವವರೆಗೆ ಕಾದು, ಮತ್ತೆ ಕೈ ಊರಿದಳು.

ಜೂನ್ ಹೋಯಿತು, ಕಾಲೇಜಿನಲ್ಲಿ ಹೆಸರು ಹೋಯಿತು. ಅವಳು ಅದಾದ ಮೇಲೆ ಏರಿಗೆ ಬಂದಿಲ್ಲ. ಪುಸ್ತಕ ಮತ್ತೆ ಅಟ್ಟ ಹತ್ತಿದೆ. ನಾನು ಹೋದರೆ ಮಾತಾಡುತ್ತಾಳೆ, ಟೀ ವ್ಯಾಪಾರ ಹೇಗಿದೆ ಅಂತ ದೊಡ್ಡವರ ಹಾಗೆ ವಿಚಾರಿಸುತ್ತಾಳೆ. ಮೊದಲಿನ ಹಾಗೆ ಕಿಚಾಯಿಸುವುದಿಲ್ಲ. ಒಂದು ಸಲವಾದರೂ ಬಯ್ಯಬಾರದಾ ಅನ್ನಿಸುತ್ತದೆ ನನಗೆ. ಮತ್ತೆ ಕೊಟ್ಟ ಅರ್ಜಿಗೆಲ್ಲ ಒಂದೇ ಉತ್ತರ, ಸೌಲಭ್ಯವನ್ನು ಈಗಾಗಲೇ ಒದಗಿಸಲಾಗಿದೆ. ಸ್ಕೂಟರು ಟಾರ್ಪಾಲಿನ ಕೆಳಗೆ ನನ್ನ ಅಂಗಡಿಯ ಹಿಂದೆ ನಿಂತಿದೆ. ರ‍್ಯಾಂಪಿನ ಮೇಲೆ ಎಮ್ಮೆಗಳು ಜಾರದೆ ಇಳಿದು ಮೈ ತೊಳೆಸಿಕೊಂಡು ಬರುತ್ತವೆ.

ಮುನಿಶಾಮಮ್ಮ ಈಗ ಏರಿ ಅನ್ನುವ ಮಾತನ್ನೇ ಆಡುವುದಿಲ್ಲ. "ಆ ಮಣ್ ಮೇಲೆ ಬಂದೆ" ಅನ್ನುತ್ತಾಳೆ. ಮೊನ್ನೆ ಸಂಜೆ ಹುಣಸೆಹಣ್ಣಿನ ಕೆಲಸ ಮುಗಿಸಿ ಬಸ್ಸಿಳಿದು ಬೆಂಚಿನ ಮೇಲೆ ಕೂತಳು. ಟೀ ಕೊಟ್ಟೆ. ಬಹಳ ಹೊತ್ತು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

"ಶಶಿ, ಎರ್ಡು ಪೇಜು ಓದಕ್ಕೆ ಎಷ್ಟೊತ್ತು ಬೇಕು?" ಅಂದಳು. "ನಂಗೆ ಓದಕ್ಕೆ ಬರಾಕಿಲ್ವಲ್ಲ, ಅದ್ಕೆ ಕೇಳ್ದೆ."

ಸುಳ್ಳು ಹೇಳಬಹುದಾಗಿತ್ತು. "ಒಂದ್ ಟೀ ಕುಡ್ಯೋ ಒತ್ತು ಸಾಕಕ್ಕಾ" ಅಂದೆ.

"ಅಷ್ಟೇನಾ?" ಅಂದಳು. ಗ್ಲಾಸನ್ನು ಹಾಗೇ ಬೆಂಚಿನ ಮೇಲಿಟ್ಟು, ಕೋಲು ತೆಗೆದುಕೊಂಡು ಮನೆಯ ಕಡೆ ಹೊರಟಳು. ಟೀಯನ್ನು ಮುಟ್ಟಿಯೇ ಇರಲಿಲ್ಲ.